ನೊಣ ಸಿಕ್ಕಿದ ಜಾಗ

ಇದು ನಡೆದದ್ದೇ. ನಂಬದವರು ನಮ್ಮೂರ ಆಲೆಮನೆಯ ಎಮ್ಮೆಯನ್ನು ಕೇಳಿ, ಇನ್ನೂ ಬದುಕಿದೆ.

ನಿಂಗಾಜಮ್ಮನಿಗೆ ಒಬ್ಬನೇ ಮಗ, ದೊಡ್ಡೀರ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು, ಅದೇ ಅವನ ರೋಗ. ಆರು ಕಡೆ ಕೆಲಸ ಹೋಗಿತ್ತು. ಏಳನೆಯದು ಅಪರೂಪದ ನೊಣ ಹುಡುಕುವ ಮಂದಾಕಿನಿ ಮೇಡಂ ಹತ್ತಿರ. ಎಳ್ಳಿನಷ್ಟು ಗಾತ್ರ, ಹಸಿರು ಕಣ್ಣು, ರೆಕ್ಕೆಗೆ ಮೂರು ಕಪ್ಪು ಪಟ್ಟೆ. ಅಂಥದೊಂದು ಹೋದ ವರ್ಷ ಆಲೆಮನೆಯ ಕಬ್ಬಿನ ಸಿಪ್ಪೆ ರಾಶಿಯ ಮೇಲೆ ಕಂಡು, ಹಿಡಿಯುವಷ್ಟರಲ್ಲಿ ಹಾರಿತ್ತಂತೆ.

"ಗುರುವಾರದೊಳಗೆ ಸಿಕ್ಕರೆ ನಾನು ಊರಿಗೆ ಹೋದ ಮೇಲೂ ನಿನ್ನ ಕೆಲಸ ಕಾಯಂ. ಇಲ್ಲದಿದ್ರೆ ನೀನು ನಿಮ್ಮವ್ವನ ಹತ್ರಕ್ಕೆ. ಕಂಡರೆ ಬಿಡಬೇಡ" ಅಂದರು ಮೇಡಂ.

ಸೋಮವಾರ ಒಂದು ಕಂಡಿತು. ಬಿಡಲಿಲ್ಲ. ಎರಡೂ ಅಂಗೈ ಸೇರಿಸಿ ಚಪ್ಪಾಳೆ ಹೊಡೆದ.

"ಪಟ್ಟೆ ಎಷ್ಟಿತ್ತೋ?"

"ಈಗ ಒಂದೇ ಐತೆ ಮೇಡಂ, ಅಂಗೈ ಉದ್ದಕ್ಕೂ."

ಮನೆಯಲ್ಲಿ ಅವ್ವ ಹಣೆ ಚಚ್ಚಿಕೊಂಡಳು. "ಸೀಸೆಗೆ ಹಾಕ್ಕೊಂಡು ತರಬೇಕು ಕಣ್ಲಾ. ಮುಚ್ಚಳಕ್ಕೆ ತೂತು ಹೊಡಿ, ಉಸಿರಾಡ್ಲಿ."

"ಹಂಗೇ ಮಾಡ್ತೀನವ್ವ."

ಮಂಗಳವಾರ ಮೇಡಂ, ಹಿಡಿದ ನೊಣ ಕೆಡದಂತೆ ಇಡಲು, ಪೇಟೆಯಿಂದ ಒಂದು ಸೀಸೆ ಸ್ಪಿರಿಟ್ ತರಲು ಕಳಿಸಿದರು. ಮುಚ್ಚಳಕ್ಕೆ ಹತ್ತು ತೂತು ಹೊಡೆದು, ಸೈಕಲ್ಲಿಗೆ ತಲೆಕೆಳಗಾಗಿ ಕಟ್ಟಿ ತಂದ. ದಾರಿಯುದ್ದಕ್ಕೂ ಸೋರಿ, ಕೊನೆಗೆ ಉಸಿರಾಡಿದ್ದು ಖಾಲಿ ಸೀಸೆ.

"ಗಟ್ಟಿಯಾಗಿ ಬಿರಡೆ ಒತ್ತಬೇಕು ಕಣ್ಲಾ" ಅಂದಳು ಅವ್ವ. "ಒಳಗಿಂದು ಹೊರಕ್ಕೆ ಬರಬಾರ್ದು, ಹೊರಗಿಂದು ಒಳಕ್ಕೆ ಹೋಗಬಾರ್ದು."

"ಹಂಗೇ ಮಾಡ್ತೀನವ್ವ."

ಬುಧವಾರ ಮೇಡಂ ನೊಣ ಸೆಳೆಯಲು ಒಂದು ಗಾಜಿನ ಭರಣಿ ತುಂಬ ಬೆಲ್ಲದ ಪಾಕ ಕೊಟ್ಟರು. ಅದಕ್ಕೆ ಬಿರಡೆ ಒತ್ತಿ, ಮೇಣ ಮೆತ್ತಿ, ರಾಶಿಯ ಪಕ್ಕ ಇಟ್ಟು ಕಾದ. ನೊಣಗಳು ಬಂದವು, ಗಾಜು ನೆಕ್ಕಿದವು, ಹೋದವು.

ಅವ್ವನಿಗೆ ಬಯ್ಯಲೂ ತ್ರಾಣವಿಲ್ಲ. "ನಾಳೆ ಒಂದೇ ದಿನ ಉಳಿದಿರೋದು ಮಗ. ಬಾಯಿ ತೆಗೆದಿಟ್ಟು ಅಲ್ಲಾಡದೆ ಕೂತ್ಕೋ. ಬಂದದ್ದನ್ನ ಓಡಿಸಬೇಡ."

"ಹಂಗೇ ಮಾಡ್ತೀನವ್ವ."

ಗುರುವಾರ ಭರಣಿಯ ಬಾಯಿ ತೆಗೆದಿಟ್ಟ, ತನ್ನ ಬಾಯಿಯನ್ನೂ ತೆಗೆದ, ಅಲ್ಲಾಡದೆ ಕೂತ. ಬಂದದ್ದು ಎಮ್ಮೆ. ಓಡಿಸಲಿಲ್ಲ. ಅದು ಪಾಕವನ್ನೆಲ್ಲ ಕುಡಿದು, ಸಂತೋಷಕ್ಕೆ ಅವನ ಮುಖವನ್ನೂ ನೆಕ್ಕಿ ಹೋಯಿತು.

ಖಾಲಿ ಭರಣಿ ಕಂಡು ಮೇಡಂ ಬಯ್ಯಲು ಬಾಯಿ ತೆರೆದವರು ಹಾಗೇ ನಿಂತರು. ಬೆಲ್ಲ ಮೆತ್ತಿದ ದೊಡ್ಡೀರನ ಮೂಗಿನ ತುದಿಯಲ್ಲಿ ಎಳ್ಳಿನಷ್ಟು ಒಂದು ನೊಣ. ಮಸೂರ ಹಿಡಿದರು. ಹಸಿರು ಕಣ್ಣು. ಪಟ್ಟೆ ಒಂದು, ಎರಡು, ಮೂರು. ಮೆಲ್ಲಗೆ ಅದರ ಮೇಲೆ ಗಾಜಿನ ನಳಿಗೆ ಕವುಚಿ ಹಿಡಿದರು.

"ಕಾಯಂ ಕಣೋ ನೀನು" ಅಂದರು. ಖುಷಿಯಲ್ಲಿ ಮೈಮರೆತು, ತಲೆ ಎತ್ತದೆ ಪುಸ್ತಕದಲ್ಲಿ ಬರೆಯುತ್ತ, ಎಲ್ಲ ಊರಲ್ಲೂ ಹೇಳುವುದನ್ನೇ ಹೇಳಿದರು: "ನೊಣ ಸಿಕ್ಕಿದ ಜಾಗಕ್ಕೆ ತಾರೀಖಿನ ಚೀಟಿ ಅಂಟಿಸು. ಮುಂದಿನ ವರ್ಷ ನಾನು ಬಂದು ನೋಡೋವರೆಗೆ ಅಲ್ಲಿ ಯಾರೂ ಮುಟ್ಟಬಾರದು, ನೀರು ತಾಗಬಾರದು."

ಹಾಗೇ ನೊಣ ಹಿಡಿದುಕೊಂಡು ಮೇಡಂ ಊರಿಗೆ ಹೊರಟರು. ಸಂಜೆ ಮಗನ ಕೆಲಸ ಕಾಯಂ ಆದದ್ದು ಕೇಳಿ ನಿಂಗಾಜಮ್ಮ ಪಾಯಸ ಮಾಡಿದಳು. ಮುಖ ಒರೆಸೋಣ ಅಂತ ಒದ್ದೆ ಬಟ್ಟೆ ತಂದಳು.

"ಮುಟ್ಟಬೇಡವ್ವ" ಅಂದ ದೊಡ್ಡೀರ. ಮೂಗಿನ ಮೇಲೆ ಚೀಟಿ ಅಲ್ಲಾಡಿತು.

"ಸೀನು ಬಂದ್ರೆ ಏನ್ಲಾ ಮಾಡ್ತೀಯ?"

"ಮೇಡಂಗೆ ಕಾಗದ ಬರೆದು ಕೇಳಾನ."