ಅಂಗಾಲಿನ ಸುಣ್ಣ

ಆ ಬಯಲೂ ಈಗಿಲ್ಲ, ಆ ಬೇವಿನ ಮರವೂ ಇಲ್ಲ. ಆಗ ಬೈಕಿನ ಲೈಸೆನ್ಸ್ ಬೇಕಾದವರು ಅಲ್ಲಿನ ಕೆಂಪು ಮಣ್ಣಿನಲ್ಲಿ ಕಾಲು ಊರದೆ ಎಂಟರ ಆಕಾರದಲ್ಲಿ ಬೈಕು ಸುತ್ತಿಸಬೇಕಿತ್ತು. ಇನ್‌ಸ್ಪೆಕ್ಟರ್ ಸಾಹೇಬರೋ, ಬೇವಿನ ನೆರಳಲ್ಲಿ ಕೂತು, ಪೇಪರಿನಿಂದ ತಲೆಯೇ ಎತ್ತದೆ, "ಕಾಲು ಊರಿದೆ, ಫೇಲ್!" ಅನ್ನುತ್ತಿದ್ದರು.

ಸುಣ್ಣ ಬಳಿಯುವ ಹೊನ್ನೂರಪ್ಪ ಎರಡು ಸಲ ಹೀಗೇ ಫೇಲಾಗಿದ್ದ. ಈ ಸಲವೂ ಆಗದಿದ್ದರೆ ಬೈಕು ಮಾರಿ ಎಮ್ಮೆ ತರುತ್ತೇನೆಂದು ಹೆಂಡತಿ ಹುಲಿಗೆಮ್ಮ ಹೇಳಿಬಿಟ್ಟಿದ್ದಳು.

ಅವತ್ತು ಬೈಕು ಹಿಡಿದುಕೊಂಡವಳೂ ಅವಳೇ. ಅವನು ಚಪ್ಪಲಿ ಬಿಟ್ಟು ಹತ್ತಿ ಕೂತ. ಸ್ಟಾರ್ಟ್ ಮಾಡಿ, ಎರಡೂ ಅಂಗಾಲಿಗೆ ಹಸಿ ಸುಣ್ಣ ಬಳಿದುಕೊಂಡು ಹೊರಟ. ಎಂಟು ಸುತ್ತಿಸಿ ಸೀದಾ ಸಾಹೇಬರ ಕುರ್ಚಿಯ ಮುಂದೆ ನಿಲ್ಲಿಸಿದ.

"ಕಾಲು ಊರಿದೆ, ಫೇಲ್!"

ಹೊನ್ನೂರಪ್ಪ ಬಿಳಿ ಅಂಗಾಲು ಎತ್ತಿ ತೋರಿಸಿದ. "ಊರಿದ್ರ ಅಲ್ಲಿ ಬಿಳಿ ಹೆಜ್ಜಿ ಬಿದ್ದಿರಬೇಕಲ್ರೀ ಸಾಹೇಬ್ರ. ಒಂದಾದ್ರೂ ತೋರಿಸ್ರಿ."

ಸಾಹೇಬರು ಬಗ್ಗಿ ಬಗ್ಗಿ ಬಯಲೆಲ್ಲ ಹುಡುಕಿದರು. ಹೆಜ್ಜೆ ಇದ್ದದ್ದು ಒಂದೇ, ಅವರ ಕುರ್ಚಿಯ ಮುಂದೆ, ಬೈಕು ನಿಲ್ಲಿಸಿದಲ್ಲಿ. ಸಾಲಲ್ಲಿದ್ದವರು ಕಿಸಕ್ಕನೆ ನಕ್ಕರು. ಸಾಹೇಬರು ಅರ್ಜಿಗೆ ಸಹಿ ಹಾಕಿದರು.

ಮುಂದಿನ ವಾರ ಪರೀಕ್ಷೆಗೆ ಬಂದವರೆಲ್ಲರ ಅಂಗಾಲೂ ಬಿಳಿ. ಸಾಹೇಬರ ಕುರ್ಚಿ ನೆರಳು ಬಿಟ್ಟು, ಬಿಸಿಲಿನಲ್ಲಿ ಎಂಟರ ಪಕ್ಕಕ್ಕೇ ಬಂದಿತ್ತು.