ಹಾಲೇಶ ಕಂಪ್ಯೂಟರಿನ ಭಾರ ಇಳಿಸಿದ್ದು

ಊರೆಂದ ಮೇಲೆ ಒಬ್ಬ ಪೆದ್ದ ಇರಲೇಬೇಕು. ಪೆದ್ದನೆಂದ ಮೇಲೆ ಅವನಿಗೊಬ್ಬ ತಾಯಿ ಇರಲೇಬೇಕು. ಈ ಊರಿನ ಪೆದ್ದ ಹಾಲೇಶ, ಅವನ ತಾಯಿ ಶಿವಗಂಗಮ್ಮ. ಹಾಲೇಶನಿಗೆ ಮೀಸೆ ಬಂದು ಎಷ್ಟೋ ವರ್ಷವಾಗಿತ್ತು. ಬುದ್ಧಿ ಮಾತ್ರ ದಾರಿಯಲ್ಲೇ ಎಲ್ಲೋ ಕೂತುಬಿಟ್ಟಿತ್ತು. ಹಾಗೆಂದು ಅವನು ಕೆಟ್ಟವನಲ್ಲ. ತಾಯಿ ಹೇಳಿದ ಮಾತನ್ನು ಒಂದಕ್ಷರವೂ ಮೀರುತ್ತಿರಲಿಲ್ಲ. ಅವಳಿಗೆ ಹೆದರಿಕೆ ಇದ್ದದ್ದೇ ಅದಕ್ಕೆ.

ಶಿವಗಂಗಮ್ಮ ಮನೆಯಲ್ಲೇ ಕೂತು ಮುರುಗೇಂದ್ರಯ್ಯನವರ ಪ್ರೆಸ್ಸಿಗೆ ಲಗ್ನಪತ್ರಿಕೆಗಳನ್ನು ಟೈಪು ಮಾಡಿಕೊಡುತ್ತಿದ್ದಳು. ಮನೆಯ ಒಲೆ ಉರಿಯುತ್ತಿದ್ದುದು ಅದರಿಂದಲೇ. ಕಂಪ್ಯೂಟರು ಹಳೆಯದು. ‘ಶ್ರೀ’ ಎಂದು ಒತ್ತಿ, ಅಕ್ಕಿ ಆರಿಸಿ ಬಂದರೂ ‘ಶ್ರೀ’ ಇನ್ನೂ ಮೂಡಿರುತ್ತಿರಲಿಲ್ಲ. ಈ ಸಲ ಬಂದದ್ದು ರೈಸ್‌ಮಿಲ್ಲಿನ ಬಕ್ಕಪ್ಪನವರ ಮಗಳ ಮದುವೆಯ ಪತ್ರಿಕೆ. ಆಹ್ವಾನಿಸುವವರ ಹೆಸರುಗಳೇ ಒಂದು ದಿಬ್ಬಣದಷ್ಟು. ಯಾರ ಹೆಸರು ಮೇಲೆ, ಯಾರದು ಕೆಳಗೆ ಎಂಬುದಕ್ಕೆ ಆ ಮನೆಯಲ್ಲಿ ತಲೆಗಳು ಒಡೆದಿದ್ದವು. ಹಿರಿಮಗಳ ಮದುವೆಯಲ್ಲಿ ಚಿಕ್ಕಪ್ಪನ ಹೆಸರು ಸೋದರಮಾವನ ಕೆಳಗೆ ಬಿತ್ತೆಂದು ಅರ್ಧ ನೆಂಟರು ಉಣ್ಣದೆ ಎದ್ದುಹೋಗಿದ್ದರು. ಆ ಪತ್ರಿಕೆ ಟೈಪು ಮಾಡಿದವನಿಗೆ ಆಮೇಲೆ ಊರಿನಲ್ಲಿ ಯಾರೂ ಕೆಲಸ ಕೊಡಲಿಲ್ಲ. ಒಂದು ಹೆಸರು ತಪ್ಪಿದರೆ ತನಗೂ ಅದೇ ಗತಿ. ಆಮೇಲೆ ಈ ಮಗನಿಗೆ ಅನ್ನ ಹಾಕುವವರು ಯಾರು? ಶಿವಗಂಗಮ್ಮನನ್ನು ತಿನ್ನುತ್ತಿದ್ದ ಭಯ ಇದು.

ಕಂಪ್ಯೂಟರು ಚುರುಕಾಗಲು ಏನು ಮಾಡಬೇಕೆಂದು ಕೇಳಿ ಬರಲು ಮಗನನ್ನು ರಿಪೇರಿ ಅಂಗಡಿಯ ಇಕ್ಬಾಲಣ್ಣನ ಬಳಿಗೆ ಕಳಿಸಿದಳು. ಒಳಗೆ ಧೂಳು ಕಟ್ಟಿರುತ್ತದೆ, ಧೂಳು ಕೊಡವಿದರೆ ಓಡುತ್ತದೆ ಎಂದ ಇಕ್ಬಾಲ. ಹಾಲೇಶ ಬಂದವನೇ ಕಂಪ್ಯೂಟರಿನ ಡಬ್ಬವನ್ನು ಅಂಗಳಕ್ಕೆ ಹೊತ್ತೊಯ್ದ. ಕಂಬಳಿ ಕೊಡವುವ ಕೋಲು ತಂದ. ಒಂದು ಏಟು ಹಾಕಿಯೂ ಬಿಟ್ಟ. ಸದ್ದು ಕೇಳಿ ಓಡಿಬಂದ ಶಿವಗಂಗಮ್ಮ ಎರಡನೆಯ ಏಟಿಗೆ ಎತ್ತಿದ ಕೋಲನ್ನು ಗಾಳಿಯಲ್ಲೇ ಹಿಡಿದಳು. ಕೋಲು ಕಿತ್ತುಕೊಂಡು ಬೈದಳು.

“ಧೂಳಿಗೆ ಕೋಲಲ್ಲ ಕಣೋ. ಮೆತ್ತನೆ ಬಟ್ಟೆ ತಗೋಬೇಕು, ಉಫ್ ಉಫ್ ಅಂತ ಊದಬೇಕು, ಮೆಲ್ಲಗೆ ಒರೆಸಬೇಕು.”

“ಆಗಲಿ ಅವ್ವ. ಇನ್ನು ಹಾಗೇ ಮಾಡ್ತೀನಿ.”

ಹಾಗೇ ಮಾಡಿದ. ಮರುದಿನ ಒಲೆಯ ಕಿಡಿ ಹಾರಿ ಮೂಲೆಯ ಗೋಣಿಚೀಲ ಹೊಗೆಯಾಡುತ್ತಿತ್ತು. ಹಾಲೇಶ ಮೆತ್ತನೆಯ ಬಟ್ಟೆ ತಂದ, ಪಕ್ಕದಲ್ಲಿ ಕೂತ, ಉಫ್ ಉಫ್ ಎಂದು ಊದಿದ, ಮೆಲ್ಲಗೆ ಒರೆಸಿದ. ಚೀಲ ಹತ್ತಿತು, ಬಟ್ಟೆ ಹತ್ತಿತು, ಅವನ ಮುಂಗೂದಲೂ ಚರಚರ ಎಂದಿತು. ತಾಯಿ ಕೊಡವೆತ್ತಿ ನೀರು ಸುರಿದಳು, ಗೋಡೆಗೆ ಒರಗಿ ಕೂತಳು, ಉಸಿರು ಸಿಕ್ಕಿದ ಮೇಲೆ ಬೈದಳು. ಬಿಸಿಯಾದದ್ದನ್ನು ಊದಬಾರದು, ಕೊಡವೆತ್ತಿ ನೀರು ಸುರಿಯಬೇಕು ಎಂದು ಬುದ್ಧಿ ಹೇಳಿದಳು.

“ಆಗಲಿ ಅವ್ವ. ಇನ್ನು ಹಾಗೇ ಮಾಡ್ತೀನಿ.”

ಹಾಗೇ ಮಾಡಿದ. ಮಾರನೆಯ ಮಧ್ಯಾಹ್ನ ಶಿವಗಂಗಮ್ಮ ವರನ ಕಡೆಯ ಕೊನೆಯ ಹೆಸರುಗಳನ್ನು ಒತ್ತುತ್ತಿದ್ದಳು. ಕಂಪ್ಯೂಟರು ಮುದಿ ಎತ್ತಿನಂತೆ ಏದುಸಿರು ಬಿಡುತ್ತಿತ್ತು. ಹಾಲೇಶ ಡಬ್ಬವನ್ನು ಮುಟ್ಟಿ ನೋಡಿದ, ಬಿಸಿ. ಒಳಗೆ ಹೋದ. ತನ್ನ ಮೇಲೆ ನೆರಳು ಬಿದ್ದದ್ದು ಕಂಡು ತಾಯಿ ತಿರುಗಿದರೆ, ಡಬ್ಬದ ಮೇಲೆ ತುಂಬಿದ ಕೊಡ ಬಾಗುತ್ತಿತ್ತು. ಕೂಗಲು ಸಮಯವಿರಲಿಲ್ಲ. ಡಬ್ಬವನ್ನು ಮಗುವಿನಂತೆ ತಬ್ಬಿಕೊಂಡಳು. ಕೊಡದ ನೀರೆಲ್ಲ ಅವಳ ಬೆನ್ನಿಗೇ ಬಿತ್ತು. ತೊಯ್ದ ಸೀರೆಯಲ್ಲೇ ನಿಂತು ಹೇಳಿದಳು, ಯಂತ್ರಕ್ಕೆ ನೀರಲ್ಲ. ಬಿಸಿಯಾಗಿ ಅರಚಿಕೊಂಡರೆ ಕರೆಂಟು ತೆಗೆಯಬೇಕು, ಸ್ವಲ್ಪ ಹೊತ್ತು ಸುಮ್ಮನಿರಿಸಬೇಕು, ಆಮೇಲೆ ತಾನೇ ಚುರುಕಾಗುತ್ತದೆ.

“ಆಗಲಿ ಅವ್ವ.”

ಸಂಜೆಗೆ ಅವಳಿಗೆ ಚಳಿಜ್ವರ ಬಂತು. ಪತ್ರಿಕೆಗೆ ಇನ್ನೊಂದೆರಡು ದಿನ ಹಿಡಿಯುತ್ತದೆಂದು ಹೇಳಿಬರಲು ಮಗನನ್ನೇ ಮಿಲ್ಲಿಗೆ ಕಳಿಸಬೇಕಾಯಿತು. ಮಿಲ್ಲಿನ ಯಂತ್ರಗಳು ಬಿಸಿಯಾಗಿ ಅರಚಿಕೊಳ್ಳುತ್ತಿದ್ದವು. ಹಾಲೇಶ ನೇರವಾಗಿ ಹೋಗಿ ದೊಡ್ಡ ಸ್ವಿಚ್ಚು ಎಳೆದ. ಗಂಟಲಲ್ಲಿ ಭತ್ತ ಸಿಕ್ಕಿಕೊಂಡು ಮಿಲ್ಲು ಸ್ತಬ್ಧವಾಯಿತು. ಬಕ್ಕಪ್ಪನವರು ಹೊರಗೆ ಬಂದರು. ಸ್ವಲ್ಪ ಹೊತ್ತು ಸುಮ್ಮನಿರಿ ಯಜಮಾನ್ರೆ, ತಾನೇ ಚುರುಕಾಗುತ್ತೆ ಎಂದ ಹಾಲೇಶ. ಅವರು ಕೂಗಾಡಲಿಲ್ಲ. ಯಾರ ಮಗನೆಂದು ಮೆತ್ತನೆಯ ದನಿಯಲ್ಲಿ ಕೇಳಿ ತಿಳಿದುಕೊಂಡರು.

“ನಾಳೆ ಪತ್ರಿಕೆ ಪ್ರೆಸ್ಸಿಗೆ ಹೋಗಬೇಕು ಅಂತ ನಿಮ್ಮವ್ವಗೆ ಹೇಳು. ಒಂದು ಹೆಸರು ಹೆಚ್ಚುಕಮ್ಮಿ ಆದ್ರೂ ನಾನೇ ಮನೆಗೆ ಬರ್ತೀನಿ.”

ಮಗ ಅದನ್ನು ಅದೇ ಮೆತ್ತನೆಯ ದನಿಯಲ್ಲಿ ಒಪ್ಪಿಸಿದಾಗ ಶಿವಗಂಗಮ್ಮ ಕಂಬಳಿಯೊಳಗೆ ಮುದುಡಿದಳು. ಬೈಯಲು ಶಕ್ತಿ ಉಳಿದಿರಲಿಲ್ಲ. ಇನ್ನು ನಿನ್ನಷ್ಟಕ್ಕೆ ನೀನು ಏನೂ ಮಾಡಬೇಡ, ಯಾವುದಕ್ಕೇ ಆಗಲಿ ನಾಲ್ಕು ಜನರನ್ನು ಕೇಳು, ಅವರು ಹೇಳಿದ ಹಾಗೆ ಮಾಡು ಎಂದಷ್ಟೇ ಹೇಳಿ ಕಣ್ಣು ಮುಚ್ಚಿದಳು.

“ಆಗಲಿ ಅವ್ವ. ಇನ್ನು ಹಾಗೇ ಮಾಡ್ತೀನಿ.”

ಬೆಳಿಗ್ಗೆ ಇಕ್ಬಾಲ ತಾನಾಗಿಯೇ ಬಂದು ಕಂಪ್ಯೂಟರು ನೋಡಿದ. ಹೊಟ್ಟೆ ತುಂಬಿಹೋಗಿದೆ, ಯಾರೂ ನೋಡದಿರುವುದನ್ನೆಲ್ಲ ಅಳಿಸಿ ಭಾರ ಇಳಿಸಿದರೆ ಓಡುತ್ತದೆ ಎಂದು ಹಾಲೇಶನಿಗೆ ಹೇಳಿ ಹೋದ. ತಾಯಿಗೆ ಜ್ವರದಲ್ಲಿ ಮೈಮೇಲೆ ಎಚ್ಚರವಿಲ್ಲ. ಪರದೆಯ ಮೇಲೆ ಬಕ್ಕಪ್ಪನವರ ಪತ್ರಿಕೆ. ಇದರಲ್ಲಿ ಯಾರೂ ನೋಡದಿರುವುದು ಯಾವುದು? ಹಾಲೇಶ ತಾಯಿಯ ಮಾತು ಮರೆಯಲಿಲ್ಲ. ಎದುರುಮನೆಯ ಬಸಮ್ಮನನ್ನು ಕೇಳಿದ, ಹೂವಿನವಳನ್ನು ಕೇಳಿದ, ಕ್ಷೌರದಂಗಡಿಯಲ್ಲಿ ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕೂತಿದ್ದವನನ್ನು ಕೇಳಿದ: ಲಗ್ನಪತ್ರಿಕೆ ಬಂದರೆ ನೀವು ಏನು ನೋಡುತ್ತೀರಿ? ಹೆಸರು ಯಾರು ಓದುತ್ತಾರೆ, ಊಟ ಎಲ್ಲಿ, ಎಷ್ಟು ಹೊತ್ತಿಗೆ, ಅಷ್ಟೇ ನೋಡುವುದು ಎಂದರು ಎಲ್ಲರೂ. ನಾಲ್ಕನೆಯವರು ಮಠದ ಅಯ್ಯನವರು. ಅವರು ಅತ್ತಿತ್ತ ನೋಡಿ, ತಾವೂ ಅಷ್ಟೇ ಎಂದರು.

ಅಳಿಸುವ ಗುಂಡಿ ಯಾವುದೆಂದು ತಾಯಿಯ ಹಿಂದೆ ನಿಂತು ನೋಡಿದ್ದ. ಅದನ್ನು ಒತ್ತಿ ಹಿಡಿದ. ಮಧ್ಯಾಹ್ನ ಪ್ರೆಸ್ಸಿನ ಹುಡುಗ ಬಂದು, ಉಳಿದದ್ದನ್ನು ಹಾಗೇ ಒಯ್ದ.

ಶಿವಗಂಗಮ್ಮನಿಗೆ ಜ್ವರ ಬಿಟ್ಟು ಕಣ್ಣು ತೆರೆದಾಗ ಪತ್ರಿಕೆ ಪ್ರೆಸ್ಸಿಗೆ ಹೋಗಿ, ಅಚ್ಚಾಗಿ, ಲಕೋಟೆ ಸೇರಿ, ಊರೂರಿಗೆ ಹಂಚಿಯಾಗಿತ್ತು. ಅವಳು ಗಾಬರಿಯಿಂದ ಕಂಪ್ಯೂಟರು ಹಾಕಿದಳು. ಪತ್ರಿಕೆ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯಿತು. ಚುರುಕಾಯಿತಲ್ಲ ಎಂದು ಹಿಗ್ಗಿದಳು. ಆಮೇಲೆ ಓದಿದಳು. ಮೇಲೆ ‘ಲಗ್ನಪತ್ರಿಕೆ’. ಕೆಳಗೆ ‘ಊಟ ಮಧ್ಯಾಹ್ನ ಹನ್ನೆರಡೂವರೆಗೆ, ಮಿಲ್ಲಿನ ಹಿಂದಿನ ಚಪ್ಪರದಲ್ಲಿ’. ನಡುವೆ ಬಿಳಿಯ ಬಯಲು. ವಧುವಿಲ್ಲ, ವರನಿಲ್ಲ, ಬಕ್ಕಪ್ಪನವರೂ ಇಲ್ಲ.

ಅವಳು ಬೈಯಲಿಲ್ಲ. ಬಾಗಿಲಿಗೆ ಅಗುಳಿ ಹಾಕಿ, ಮಗನನ್ನು ತನ್ನ ಬೆನ್ನ ಹಿಂದೆ ಕೂರಿಸಿಕೊಂಡು, ಬೀದಿಯ ಸದ್ದು ಕೇಳುತ್ತ ಕೂತಳು. ಇಳಿಹೊತ್ತಿಗೆ ಜೀಪು ಬಂದು ನಿಂತಿತು. ಬಾಗಿಲು ತೆರೆಯದೆ ಗತಿಯಿರಲಿಲ್ಲ.

“ನನ್ನ ಹೆಸರೂ ಇಲ್ಲವಲ್ಲಮ್ಮ,” ಎಂದರು ಬಕ್ಕಪ್ಪನವರು.

ಅವಳು ಮಗನಿಗೆ ಅಡ್ಡ ನಿಂತಳು.

“ಸೋದರಮಾವ ಜಗಳಕ್ಕೆ ಬಂದ್ರು. ತಮ್ಮ ಹೆಸರಿಲ್ಲ ಅಂದ್ರು. ಚಿಕ್ಕಪ್ಪಂದೂ ಇಲ್ಲ, ನೋಡಿ ಅಂದೆ. ಹಾಗಾದ್ರೆ ಸರಿ ಅಂದು ಮಜ್ಜಿಗೆ ಕುಡಿದು ಹೋದ್ರು. ಚಿಕ್ಕಪ್ಪನೂ ಹಾಗೇ. ನಮ್ಮ ಮನೆತನದಲ್ಲಿ ಎಲ್ಲರೂ ಕೂತು ಉಣ್ಣೋದು ಇದೇ ಮೊದಲು. ಯಾರ ಬುದ್ಧಿ ಇದು?”

ಶಿವಗಂಗಮ್ಮ ಮಗನತ್ತ ಬೆರಳು ತೋರಿಸಿದಳು. ಇನ್ನು ಇವನಿಗೇ ಕೆಲಸ ಕೊಡಲು ಮುರುಗೇಂದ್ರಯ್ಯನಿಗೆ ಹೇಳುತ್ತೇನೆ ಎಂದು ಹೇಳಿ ಅವರು ಜೀಪು ಹತ್ತಿದರು. ಅವಳು ಮಗನ ತಲೆ ಸವರಿದಳು. ಹುಟ್ಟಿದಾಗಿನಿಂದ ಬೈಸಿಕೊಂಡಿದ್ದವನಿಗೆ ಮೊದಲ ಸಲ ಒಳ್ಳೆಯ ಮಾತು ಆಡಿದಳು: “ಇನ್ನು ಹಾಗೇ ಮಾಡಪ್ಪ.”

“ಆಗಲಿ ಅವ್ವ.”

ಆ ವಾರವೇ ಒಂದು ಶಿವಗಣಾರಾಧನೆಯ ಪತ್ರಿಕೆ ಬಂತು. ಊರು ಬಿಟ್ಟು ವರ್ಷಗಳಾಗಿದ್ದ ಒಬ್ಬ ಮೇಷ್ಟ್ರು ಮಗಳ ಊರಿನಲ್ಲಿ ತೀರಿಕೊಂಡಿದ್ದರು. ಅವರ ಹೆಸರಿನಲ್ಲಿ ಇಲ್ಲಿ ಊಟ. ಪ್ರೆಸ್ಸಿನವರು ಅದನ್ನು ಹಾಲೇಶನ ಕೈಗೇ ಕೊಟ್ಟರು. ಹಾಲೇಶ ಹಾಗೇ ಮಾಡಿದ.

ಕಪ್ಪು ಅಂಚಿನ ಕಾರ್ಡು ಮನೆಮನೆಗೆ ಹೋಯಿತು. ಊಟದ ಜಾಗವಿತ್ತು, ಹೊತ್ತಿತ್ತು, ಸತ್ತವರ ಹೆಸರಿರಲಿಲ್ಲ. ಹೆಂಗಸರು ಮನೆಯವರ ತಲೆ ಎಣಿಸಿದರು. ಮಲಗಿದ್ದ ಮುದುಕರನ್ನೆಲ್ಲ ಅಲುಗಾಡಿಸಿ ಎಬ್ಬಿಸಿದರು. ಬಸಮ್ಮ ಗಂಡನ ಮೂಗಿಗೆ ಬೆರಳು ಹಿಡಿದು ಬೈಸಿಕೊಂಡಳು.

ಒಂದು ಕಾರ್ಡು ಹಾಲೇಶನ ಮನೆಗೂ ಬಂತು. ಹೆಸರು ಅಳಿಸಿದವನು ತಾನೇ ಎಂದು ಅವನಿಗೆ ಹೊಳೆಯಲೇ ಇಲ್ಲ. ತಿರುಗಿಸಿ ನೋಡಿದ, ಹೆಸರಿಲ್ಲ. ಒಳಗೆ ಇಣುಕಿದ. ಎಷ್ಟೋ ದಿನಗಳ ಮೇಲೆ ನೆಮ್ಮದಿಯಾಗಿ ಶಿವಗಂಗಮ್ಮ ಮುಸುಕೆಳೆದು ಮಲಗಿದ್ದಳು. ಅಲುಗುತ್ತಿರಲಿಲ್ಲ. ಹಾಲೇಶನಿಗೆ ಜನ್ಮದಲ್ಲಿ ಮೊದಲ ಸಲ ಭಯವಾಯಿತು.

ಮೆತ್ತನೆಯ ಬಟ್ಟೆ ತಂದ. ಮುಸುಕು ಸರಿಸಿದ. ತಾಯಿಯ ಮುಖದ ಮೇಲೆ ಉಫ್ ಉಫ್ ಎಂದು ಊದಿದ, ಮೆಲ್ಲಗೆ ಒರೆಸಿದ, ಮತ್ತೆ ಊದಿದ. ಅವಳು ಬೆಚ್ಚಿ ಕಣ್ಣು ಬಿಟ್ಟಳು.

“ಅವ್ವ, ಊರಲ್ಲಿ ಯಾರೋ ಸತ್ತಿದ್ದಾರೆ. ನಾಲ್ಕು ಜನರನ್ನ ಕೇಳಿದೆ, ಯಾರು ಅಂತ ಯಾರಿಗೂ ಗೊತ್ತಿಲ್ಲ. ನೀನಲ್ಲ ತಾನೆ?”