ಹೇಟೆಗೂಡು ಬಂಡೆ

ಮುದ್ದೇನಕುಂಟೆಯ ಕೊನೆಯ ಮನೆ ದಾಟಿದರೆ ಗುಡ್ಡದ ಬುಡದಲ್ಲಿ ಅಗಲವಾದ ಹಾಸುಬಂಡೆಯೊಂದು ಸಿಗುತ್ತದೆ. ಅದರ ನಡುಬೆನ್ನಿನಲ್ಲಿ, ಚಾಪೆ ಎಳೆದು ತೆಗೆದಂತೆ, ಒಂದು ಪದರ ಕಲ್ಲು ಎದ್ದುಹೋಗಿದೆ. ಉದ್ದ ಒಂಬತ್ತು ಮೊಳ, ಅಗಲ ಐದು. ಬಂಡೆಯ ಕೆಳಗೆ ಆರು ಚಪ್ಪಡಿಗಳನ್ನು ಜೋಡಿಸಿದ ಗಿಡ್ಡ ಗೂಡೊಂದಿದೆ. ಹೊರಗಿನಿಂದ ಬಂದವರು ಯಾವುದೋ ಹಳೆಯ ಗುಡಿ ಎಂದುಕೊಂಡು ಚಪ್ಪಲಿ ಬಿಟ್ಟು ಕೈಮುಗಿಯುವುದುಂಟು. ಆಗ ಊರಿನವರು ನಗುತ್ತಾರೆ: "ಏಳಿ ಸ್ವಾಮಿ, ಅದು ಕೋಳಿಗೂಡು." ಹಳೆಯ ಜಮೀನಿನ ಕಾಗದಗಳಲ್ಲಿ ಈ ಜಾಗದ ಹೆಸರು ಎಡೆಬಂಡೆ. ಈಗ ಹಾಗೆಂದರೆ ಯಾರಿಗೂ ತಿಳಿಯುವುದಿಲ್ಲ. ಹೇಟೆಗೂಡು ಬಂಡೆ ಎನ್ನಬೇಕು. ಹೇಟೆಯೆಂದರೆ ಮೊಟ್ಟೆಯಿಡುವ ಕೋಳಿ. ಹೆಸರು ಬದಲಾದದ್ದು ದ್ಯಾವಕ್ಕನಿಂದ ಎನ್ನುತ್ತಾರೆ.

ದ್ಯಾವಕ್ಕ ಕಲ್ಲು ಒಡೆಯುವವರ ಮನೆಯ ಸೊಸೆ. ಅವಳ ಮನೆ, ಹಿತ್ತಿಲು ಆಗ ಬಂಡೆಯ ಬುಡಕ್ಕೇ ತಾಗಿದ್ದವು. ಗಂಡ ತೀರಿಹೋದ ಮೇಲೆ ಅವಳ ಬದುಕು ನಿಂತದ್ದು ಹಿತ್ತಿಲ ಕೋಳಿಗಳ ಮೇಲೆ. ಆ ಕಾಲದಲ್ಲಿ ಗುಡ್ಡದ ಚಿರತೆಯನ್ನು ಊರಿನವರು ಚಿರತೆ ಎನ್ನುತ್ತಿರಲಿಲ್ಲ, 'ಅಮ್ಮನ ನಾಯಿ' ಎನ್ನುತ್ತಿದ್ದರು. ಅದು ಊರಿಗೆ ಇಳಿಯದಿರಲೆಂದು ಪ್ರತಿ ಮಂಗಳವಾರ ಹೊತ್ತು ಇಳಿಯುವ ಮುನ್ನ ಒಂದು ಮನೆಯವರು ಜೀವಂತ ಕೋಳಿಯನ್ನು ಬಂಡೆಯ ಮೇಲೆ ಕಟ್ಟಿ ಬರಬೇಕು, ತಿರುಗಿ ನೋಡಬಾರದು. ಮೂರು ವರ್ಷ ಹೀಗೇ ನಡೆಯಿತು. ಆದರೂ ಅಮ್ಮನ ನಾಯಿ ಬಂಡೆಯಿಂದ ಕಣಕ್ಕೆ, ಕಣದಿಂದ ಹಿತ್ತಿಲಿಗೆ ಬರತೊಡಗಿತು. ದ್ಯಾವಕ್ಕನ ಹದಿನಾಲ್ಕು ಕೋಳಿಗಳಲ್ಲಿ ಉಳಿದದ್ದು ಒಂದೇ, ಹನ್ನೊಂದು ಮೊಟ್ಟೆಯ ಮೇಲೆ ಕಾವಿಗೆ ಕೂತಿದ್ದ ಬೂದು ಹೇಟೆ. ಅದೂ ಹೋದರೆ ಅವಳ ಹಿತ್ತಿಲಿನಲ್ಲಿ ಮತ್ತೆ ಕೋಳಿ ಕೂಗುವಂತಿರಲಿಲ್ಲ. ಅಂಥ ಹೊತ್ತಿಗೇ ಸರದಿ ಅವಳದಾಯಿತು.

ಪೂಜಾರಿ ಪಿಳ್ಳಪ್ಪ ಬಾಗಿಲಿಗೆ ಬಂದು ನಿಂತ. "ಅಮ್ಮನ ಬಾಯಿಗೆ ಅಡ್ಡ ಬರಬೇಡ ದ್ಯಾವಕ್ಕ. ಕೋಳಿ ತಾ."

"ಅಮ್ಮ ಬರಲಿ ಪಿಳ್ಳಪ್ಪಣ್ಣ, ಮುದ್ದೆ ಮಾಡಿ ಬಡಿಸ್ತೀನಿ. ಕಾವಿಗೆ ಕೂತ ಹೇಟೇನ ಎಬ್ಬಿಸಿ ಕೊಡು ಅಂತ ಯಾವ ತಾಯೀನೂ ಕೇಳಲ್ಲ" ಎಂದಳು ಅವಳು. ಹೇಟೆಯನ್ನು ಮೊಟ್ಟೆಯ ಸಮೇತ ಮನೆಯೊಳಕ್ಕೆ ತಂದು ಮಂಕರಿ ಕವುಚಿದಳು. ಅಂದು ಬಂಡೆ ಬರಿದಾಗಿತ್ತು. ಮುಸ್ಸಂಜೆಗೇ ಚಿರತೆ ಹಿತ್ತಿಲಿಗೆ ಇಳಿದು, ಮಣ್ಣು ಮೆತ್ತಿದ ತಡಿಕೆಯ ಖಾಲಿ ಗೂಡನ್ನು ಹಪ್ಪಳ ಮುರಿದಂತೆ ಮುರಿದುಹಾಕಿತು.

ಬೆಳಿಗ್ಗೆ ಊರೆಲ್ಲ ಸೇರಿತು. "ನೋಡಿದೆಯಾ? ಎಡೆ ತಪ್ಪಿಸಿದೆ, ಮನೆಗೇ ಬಂತು" ಎಂದ ಪಿಳ್ಳಪ್ಪ.

"ಬರದೆ ಇನ್ನೇನು ಮಾಡುತ್ತೆ? ಬೀದಿ ನಾಯಿಗೆ ಎರಡು ದಿನ ತುತ್ತು ಹಾಕಿದ್ರೆ ಮೂರನೇ ದಿನ ತಾನೇ ಬಾಗಿಲಿಗೆ ಬರುತ್ತೆ. ಮೂರು ವರ್ಷ ಕೋಳಿ ಹಾಕಿ ದಾರಿ ತೋರಿಸಿದೋರು ನಾವೇ ಕಣಣ್ಣ" ಎಂದಳು ದ್ಯಾವಕ್ಕ.

ಆ ದಿನವೇ ಅವಳು ಕಟ್ಟಿಗೆಯ ಹೊರೆ ಹೊತ್ತು ಬಂಡೆ ಹತ್ತಿದಳು. ಬೆಂಕಿ ಹಾಕಿ ಹಾಸುಗಲ್ಲಿನ ಪದರ ಎಬ್ಬಿಸುವುದು ಗಂಡಸರ ಕಸುಬು. ಆದರೆ ಇಪ್ಪತ್ತು ವರ್ಷ ಗಂಡನಿಗೆ ಸೌದೆ ಒಡ್ಡಿದವಳಿಗೆ ಅದರ ಹದ ಗೊತ್ತಿತ್ತು. ಕೋಳಿ ಕಟ್ಟುತ್ತಿದ್ದ ಜಾಗದಲ್ಲೇ ಉರಿ ಹಚ್ಚಿ, ಕೆಂಡವನ್ನು ಗೇಣು ಗೇಣಾಗಿ ಮುಂದಕ್ಕೆ ಸರಿಸುತ್ತ, ಸುತ್ತಿಗೆಯಿಂದ ತಟ್ಟಿ ಕಿವಿಗೊಡುತ್ತ ಕೂತಳು. ಪಿಳ್ಳಪ್ಪ ಕೆಳಗಿನಿಂದಲೇ ಕೂಗಿದ: "ಎಡೆ ಇಡೋ ಕಲ್ಲಿಗೆ ಬೆಂಕಿ ಇಡ್ತೀಯಾ? ಎರಡು ಕಣ್ಣೂ ಹೋಗ್ತವೆ ನಿಂಗೆ!" ಅವಳು ತಲೆ ಎತ್ತಲಿಲ್ಲ. "ಹೋದ್ರೆ ಹೋಗಲಿ, ಕೋಳಿಗಳನ್ನ ಕೈಲಿ ಸವರಿ ಎಣಿಸ್ಕೋತೀನಿ." ಮೂರನೆಯ ದಿನ ಸುತ್ತಿಗೆಯ ಕೆಳಗೆ ಟೊಳ್ಳು ದನಿ ಬಂತು. ಬಳಿಕ ಸಿಡಿಲಿನಂಥ ಸದ್ದಾಗಿ ಪದರ ಬಿಟ್ಟುಕೊಂಡಿತು. ಜನ ಬಾಗಿಲು ಹಾಕಿಕೊಂಡರು. ದ್ಯಾವಕ್ಕನ ಕಣ್ಣುಗಳಿಗೇನೂ ಆಗಲಿಲ್ಲ.

ಆ ಪದರವನ್ನು ಆರು ಚಪ್ಪಡಿಗಳಾಗಿ ಒಡೆದಳು. ಐದನ್ನು ಅವಳೊಬ್ಬಳೇ ಹಾರೆಯಿಂದ ಮೀಟಿ, ದುಂಡು ತೊಲೆಗಳ ಮೇಲೆ ಉರುಳಿಸಿ ಕೆಳಗೆ ಹಿತ್ತಿಲಿಗೆ ಇಳಿಸಿದಳು. ನೆಲಕ್ಕೊಂದು ಹಾಸಿ, ಗೋಡೆಗೆ ಮೂರು ನಿಲ್ಲಿಸಿ, ಬಾಗಿಲಿಗೆ ಒಂದನ್ನು ಇಟ್ಟಳು. ಸೂರಿನ ಚಪ್ಪಡಿ ಮಾತ್ರ ಅವಳಿಂದ ಏಳಲಿಲ್ಲ. ಮಂಗಳವಾರ ಮಧ್ಯಾಹ್ನ ಅವಳು ಅದರ ಪಕ್ಕದಲ್ಲಿ ಬೆವರಿ ಕೂತಿದ್ದಾಗ ಎದುರಿಗೆ ಬಂದು ನಿಂತವಳು ಪೂಜಾರಿಯ ಹೆಂಡತಿ ನಂಜಕ್ಕ.

"ನಮ್ಮನೇಲೂ ಒಂದೇ ಉಳಿದಿದೆ ಕಣೆ. ಈವತ್ತು ನಮ್ಮ ಸರದಿ" ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿ ಕಲ್ಲಿಗೆ ಕೈಹಚ್ಚಿದಳು. ಅವಳ ಹಿಂದೆ ಬೀದಿಯ ಹೆಂಗಸರೆಲ್ಲ ಬಂದರು. ಸೂರು ಏರಿತು. ಆ ಸಂಜೆ ಬಂಡೆಯ ಮೇಲೆ ಕೋಳಿ ಕಟ್ಟಲಿಲ್ಲ. ಕಲ್ಲುಗೂಡಿನೊಳಗೆ ಬೂದು ಹೇಟೆಯ ಪಕ್ಕ ಪೂಜಾರಿಯ ಮನೆಯ ಹೇಟೆಯೂ ಇತ್ತು. ಚಿರತೆ ಬಂದು ಗೂಡನ್ನು ಮೂರು ಸುತ್ತು ಹಾಕಿತು, ಬಾಗಿಲನ್ನು ಕೆರೆಯಿತು, ಸೂರಿನ ಮೇಲೆ ಹತ್ತಿ ಕೂತಿತು. ಹಾರೆ ಹಿಡಿದು ಮನೆಯ ಹೊಸಿಲ ಮೇಲೆ ಕೂತಿದ್ದ ದ್ಯಾವಕ್ಕ ಅದಕ್ಕೆ ಕೇಳುವಂತೆ, "ಹಲ್ಲು ಮುರಿದುಕೊಂಡು ಹೋಗು" ಎಂದಳಂತೆ. ಇನ್ನೆರಡು ಮಂಗಳವಾರ ಬಂದು ಕೆರೆದು, ಆಮೇಲೆ ಅದು ಇತ್ತ ಬರುವುದನ್ನೇ ಬಿಟ್ಟಿತು. ಹನ್ನೊಂದರಲ್ಲಿ ಒಂಬತ್ತು ಮೊಟ್ಟೆ ಒಡೆದು ಮರಿಗಳು ಹೊರಬಂದವು. ಹಬ್ಬದ ಹೊತ್ತಿಗೆ ಪಿಳ್ಳಪ್ಪನೇ ಬಂದು, ತನ್ನ ಹಿತ್ತಿಲಿಗೂ ಆರು ಚಪ್ಪಡಿ ಎಬ್ಬಿಸಿಕೊಡೆಂದು ಕೇಳಿದನೆಂದು ಹೇಳುತ್ತಾರೆ.

ಗೂಡಿನ ಬಾಗಿಲುಗಲ್ಲಿನ ಮೇಲೆ ನಾಲ್ಕು ಗೀರುಗಳಿವೆ. ಅಲ್ಲಿಗೆ ಹೋದವರು ಬೆರಳಿಟ್ಟು ನೋಡಬಹುದು. ಗುಡ್ಡದಲ್ಲಿ ಚಿರತೆಗಳು ಈಗಲೂ ಇವೆ. ಹೊಸದಾಗಿ ಕೋಳಿ ಸಾಕುವ ಹೆಂಗಸರು ಮೊದಲ ಹೇಟೆಯನ್ನು ಮಂಗಳವಾರ ಇಲ್ಲಿಗೆ ತಂದು, ಗೂಡಿನೊಳಗೆ ಒಂದು ಗಳಿಗೆ ಕೂರಿಸುತ್ತಾರೆ. ಆಮೇಲೆ ಕಂಕುಳಲ್ಲಿ ಇರುಕಿಕೊಂಡು, ಗುಡ್ಡದ ಕಡೆ ಒಮ್ಮೆ ಚೆನ್ನಾಗಿ ತಿರುಗಿ ನೋಡಿ, ಮನೆಗೆ ವಾಪಸು ಒಯ್ಯುತ್ತಾರೆ.